ಮಿದುಳಿಗೆ ಅಳವಡಿಸುವ ಉದ್ದೀಪಕಗಳು: ನೀತಿ ಮತ್ತು ಕಾನೂನಿನ ಪ್ರಶ್ನೆಗಳು

ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಮಿದುಳಿನ ಆಳದ ಒಂದು ಗೊತ್ತಾದ ಜಾಗಕ್ಕೆ ತೆಳುವಾದ ಎಲೆಕ್ಟ್ರೋಡ್ ಇಳಿಸಿ, ಎದೆಯ ಚರ್ಮದಡಿ ಕೂರಿಸಿದ ಬ್ಯಾಟರಿ ಪೆಟ್ಟಿಗೆಯಿಂದ ಅದಕ್ಕೆ ಹಗಲೂ ರಾತ್ರಿ ಸೌಮ್ಯವಾದ ವಿದ್ಯುತ್ ಮಿಡಿತ ಹರಿಸುವ ಚಿಕಿತ್ಸೆಯೇ ಡೀಪ್ ಬ್ರೈನ್ ಸ್ಟಿಮ್ಯುಲೇಶನ್. ಆಸ್ಪತ್ರೆಯ ಮಾತಿನಲ್ಲಿ ಡಿಬಿಎಸ್. ಪಾರ್ಕಿನ್‌ಸನ್ ಕಾಯಿಲೆಯ ನಡುಕ ಮತ್ತು ಬಿಗಿತ, ಸ್ನಾಯುಗಳು ತಿರುಚಿಕೊಳ್ಳುವ ಡಿಸ್ಟೋನಿಯ, ಔಷಧಕ್ಕೆ ಬಗ್ಗದ ಮೂರ್ಛೆರೋಗ, ತೀವ್ರವಾದ ಗೀಳು ಕಾಯಿಲೆ ಇವುಗಳಿಗೆ ಇದನ್ನು ಬಳಸುತ್ತಾರೆ. ಜಗತ್ತಿನಾದ್ಯಂತ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಈ ಸಾಧನ ಅಳವಡಿಸಿದ್ದಾರೆ. ಇದರ ನೈತಿಕತೆಯ ಮಾತು ಬಂದಾಗ ಮನಸ್ಸನ್ನು ದೂರದಿಂದ ಆಳುವ ಯಂತ್ರದ ಭಯವೇ ಮುಂದೆ ನಿಲ್ಲುತ್ತದೆ. ರೋಗಿಗಳ ಬದುಕನ್ನು ಹತ್ತಿರದಿಂದ ನೋಡಿದವರಿಗೆ ಕಾಣುವ ಪ್ರಶ್ನೆ ಬೇರೆ. ಶಸ್ತ್ರಚಿಕಿತ್ಸೆ ಒಂದು ದಿನದಲ್ಲಿ ಮುಗಿಯುತ್ತದೆ, ಸಾಧನದೊಡನೆ ಬಾಳುವುದು ಹತ್ತಾರು ವರ್ಷ ನಡೆಯುತ್ತದೆ. ಒಪ್ಪಿಗೆ ಪತ್ರ, ರಸೀದಿ, ಗ್ಯಾರಂಟಿ ಕಾರ್ಡು ಎಲ್ಲವೂ ಆ ಒಂದು ದಿನವನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಉಳಿದ ವರ್ಷಗಳ ಹೊಣೆ ಯಾರದೆಂಬುದನ್ನು ಬಹುತೇಕ ದೇಶಗಳ ಕಾನೂನು ಇನ್ನೂ ಸರಿಯಾಗಿ ಹೇಳಿಲ್ಲ.

ಸಾಧನ ಮತ್ತು ಅದರ ಕೆಲಸ

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ನರಶಸ್ತ್ರಚಿಕಿತ್ಸಕ ಅಲಿಮ್ ಲೂಯಿ ಬೆನಾಬಿದ್ ಮತ್ತು ನರರೋಗತಜ್ಞ ಪಿಯರ್ ಪೊಲಾಕ್ ನಡುಕದ ರೋಗಿಗಳಲ್ಲಿ ಈ ವಿಧಾನವನ್ನು ಆರಂಭಿಸಿದರು. ಅಲ್ಲಿಯವರೆಗೆ ಮಿದುಳಿನ ಆ ಭಾಗವನ್ನು ಸುಟ್ಟು ನಾಶಮಾಡುವುದೇ ರೂಢಿಯಾಗಿತ್ತು. ಎಲ್ಲಿ ಸುಡಬೇಕೆಂದು ಗುರುತಿಸಲು ಹರಿಸುತ್ತಿದ್ದ ವಿದ್ಯುತ್ತು, ಸೆಕೆಂಡಿಗೆ ನೂರರಷ್ಟು ವೇಗದಲ್ಲಿ ಮಿಡಿದಾಗ ತಾನೇ ನಡುಕವನ್ನು ನಿಲ್ಲಿಸುತ್ತದೆಂಬುದನ್ನು ಬೆನಾಬಿದ್ ಗಮನಿಸಿದ್ದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ನಡುಕಕ್ಕೆ 1997ರಲ್ಲಿ, ಪಾರ್ಕಿನ್‌ಸನ್ ಕಾಯಿಲೆಗೆ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಡಿಸ್ಟೋನಿಯಕ್ಕೆ 2003ರಲ್ಲಿ, ಗೀಳು ಕಾಯಿಲೆಗೆ 2009ರಲ್ಲಿ ಮಾನವೀಯ ವಿನಾಯಿತಿ ಎಂಬ ಸಡಿಲ ದಾರಿಯಲ್ಲಿ ಅನುಮತಿ ದೊರೆಯಿತು. ಮೂರ್ಛೆ ಬರುವ ಸೂಚನೆಯನ್ನು ತಾನೇ ಗ್ರಹಿಸಿ ಆ ಕ್ಷಣಕ್ಕೆ ಮಾತ್ರ ವಿದ್ಯುತ್ ಕೊಡುವ, ತಲೆಬುರುಡೆಯೊಳಗೇ ಕೂರುವ ನ್ಯೂರೋಪೇಸ್ ಸಾಧನಕ್ಕೆ 2013ರಲ್ಲಿ ಒಪ್ಪಿಗೆ ಸಿಕ್ಕಿತು.

ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಹೆಚ್ಚಾಗಿ ಗುರಿಯಾಗುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅವರೆಕಾಳಿಗಿಂತ ದೊಡ್ಡದೇನಲ್ಲ. ಅಷ್ಟು ಕಿರಿದಾದ ಜಾಗದಲ್ಲಿ ಚಲನೆಯನ್ನೂ ಭಾವನೆಯನ್ನೂ ನೋಡಿಕೊಳ್ಳುವ ನರತಂತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಕೈನಡುಕ ನಿಲ್ಲಿಸಲು ಕೊಟ್ಟ ವಿದ್ಯುತ್ತು ಒಂದೆರಡು ಮಿಲಿಮೀಟರ್ ಆಚೆಗೆ ಹಬ್ಬಿದರೆ ನಗು, ಅಳು, ದುಡುಕು, ಹುಚ್ಚು ಹುರುಪು ಏನು ಬೇಕಾದರೂ ಬರಬಹುದು. ಕೆಳಗಿನ ಪ್ರಶ್ನೆಗಳಲ್ಲಿ ಹಲವಕ್ಕೆ ಬೇರು ಈ ಅಂಗರಚನೆಯಲ್ಲಿದೆ.

ಸಾಧನವನ್ನು ಹೊಂದಿಸುವ ಕೆಲಸಕ್ಕೆ ಪ್ರೋಗ್ರಾಮಿಂಗ್ ಎನ್ನುತ್ತಾರೆ. ರೋಗಿ ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬಂದು ಕೂರುತ್ತಾರೆ. ವೈದ್ಯರು ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ವಿದ್ಯುತ್ತನ್ನು ಮಿಲಿಆಂಪಿಯರಿನ ಹತ್ತನೇ ಒಂದು ಭಾಗದಷ್ಟು ಏರಿಸುತ್ತ ಹೋಗುತ್ತಾರೆ. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ, ಮುಷ್ಟಿ ಬಿಚ್ಚಿ ಮುಚ್ಚಿ, ಎದ್ದು ಬಾಗಿಲ ತನಕ ನಡೆದು ಬನ್ನಿ ಎನ್ನುತ್ತಾರೆ. ಮಣಿಕಟ್ಟಿನ ಬಿಗಿತ ಕರಗಿತೇ ಎಂದು ಕೈ ಹಿಡಿದು ನೋಡುತ್ತಾರೆ. ನಾಲಗೆ ತೊದಲಿದರೆ ಒಂದು ಮೆಟ್ಟಿಲು ಇಳಿಸುತ್ತಾರೆ. ಸರಿಯಾದ ಹೊಂದಿಕೆ ಸಿಗಲು ಇಂಥ ಭೇಟಿಗಳು ತಿಂಗಳುಗಟ್ಟಲೆ ನಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಿಬಿಎಸ್ ಮಾಡಿಸಿಕೊಂಡ ಬೀದರಿನ ರೈತನೊಬ್ಬನಿಗೆ ಪ್ರತಿ ಭೇಟಿಯೂ ಆರೇಳು ನೂರು ಕಿಲೋಮೀಟರಿನ ಪ್ರಯಾಣ, ಜೊತೆಗೊಬ್ಬರ ದುಡಿಮೆಯ ನಷ್ಟ. ಚಿಕಿತ್ಸೆಯ ಫಲ ಈ ಭೇಟಿಗಳ ಮೇಲೆ ನಿಂತಿರುವಾಗ, ದೂರದ ಊರಿನ ಬಡವರಿಗೆ ಸಾಧನ ಅಳವಡಿಸುವ ಮುನ್ನ ಅವರು ಮತ್ತೆ ಮತ್ತೆ ಬರಬಲ್ಲರೇ ಎಂದು ಕೇಳುವುದು ವೈದ್ಯಕೀಯ ನೀತಿಯ ಪ್ರಶ್ನೆಯೇ ಆಗುತ್ತದೆ. ಬರಲಾರರೆಂದು ಚಿಕಿತ್ಸೆಯನ್ನೇ ನಿರಾಕರಿಸುವುದು ಇನ್ನೊಂದು ಅನ್ಯಾಯ. 2021ರ ಹೊತ್ತಿಗೆ ಅಂತರ್ಜಾಲದ ಮೂಲಕ ದೂರದಿಂದಲೇ ಹೊಂದಿಸುವ ಸೌಲಭ್ಯ ಕೆಲವು ಸಾಧನಗಳಿಗೆ ಬಂದಿದೆ. ಅದು ನಿಜವಾದ ಅನುಕೂಲ, ಅದರ ಅಪಾಯದ ಮಾತು ಮುಂದೆ ಬರುತ್ತದೆ.

ಹಿಂದಿನ ದಾಖಲೆ

ಮಿದುಳಿಗೆ ಕೈ ಹಾಕುವ ಚಿಕಿತ್ಸೆಗಳ ಬಗ್ಗೆ ಸಮಾಜಕ್ಕಿರುವ ಅಪನಂಬಿಕೆಗೆ ಬಲವಾದ ಕಾರಣಗಳಿವೆ. ಪೋರ್ಚುಗಲ್ಲಿನ ಎಗಾಸ್ ಮೋನಿಜ್ 1935ರಲ್ಲಿ ಆರಂಭಿಸಿದ ಲೊಬಾಟಮಿ ಬಗೆಯ ಶಸ್ತ್ರಚಿಕಿತ್ಸೆಗೆ 1949ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಅದು ಸಾವಿರಾರು ಜನರನ್ನು ಭಾವಶೂನ್ಯರನ್ನಾಗಿಸಿ ಬಿಟ್ಟಿತು. ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದ ರಾಬರ್ಟ್ ಹೀತ್ 1950ರ ದಶಕದಿಂದ ಮನೋರೋಗಿಗಳ ಮಿದುಳಿನಲ್ಲಿ ಎಲೆಕ್ಟ್ರೋಡ್ ಇಟ್ಟು ಪ್ರಯೋಗ ನಡೆಸಿದರು. ಸಲಿಂಗಕಾಮಿ ಯುವಕನೊಬ್ಬನ ಒಲವನ್ನು ವಿದ್ಯುತ್ತಿನಿಂದ ಬದಲಾಯಿಸಲು ಹೊರಟ ಅವರ ಪ್ರಯೋಗ 1972ರಲ್ಲಿ ಪ್ರಕಟವಾಯಿತು. ರೋಗವೇ ಅಲ್ಲದ್ದನ್ನು ರೋಗವೆಂದು ಕರೆದು ಮಿದುಳಿಗೆ ತಂತಿ ಹಾಕಿದ ಆ ಪ್ರಯೋಗಕ್ಕೆ ಯಾವ ಸಮರ್ಥನೆಯೂ ಇಲ್ಲ. ಯೇಲ್ ವಿಶ್ವವಿದ್ಯಾಲಯದ ಹೊಸೆ ಡೆಲ್ಗಾಡೊ 1963ರಲ್ಲಿ ಸ್ಪೇನಿನ ಕಾರ್ಡೊಬಾದ ಅಖಾಡವೊಂದರಲ್ಲಿ, ಮೈಮೇಲೆ ನುಗ್ಗಿ ಬರುತ್ತಿದ್ದ ಹೋರಿಯನ್ನು ರೇಡಿಯೊ ಗುಂಡಿ ಒತ್ತಿ ನಿಲ್ಲಿಸಿದರು. ಅದರ ಮಿದುಳಿನಲ್ಲಿ ಮೊದಲೇ ಎಲೆಕ್ಟ್ರೋಡ್ ಇಟ್ಟಿದ್ದರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು, ಭಯವೂ ಅದರ ಜೊತೆಗೇ ಹರಡಿತು.

ನ್ಯಾಯಾಲಯದ ಮಟ್ಟದಲ್ಲಿ ತಿರುವು ಕೊಟ್ಟದ್ದು 1973ರ ಕೈಮೊವಿಟ್ಜ್ ಪ್ರಕರಣ. ಮಿಷಿಗನ್ ರಾಜ್ಯದ ಮಾನಸಿಕ ಆಸ್ಪತ್ರೆಯಲ್ಲಿ ಸುಮಾರು ಹದಿನೇಳು ವರ್ಷ ಬಂಧನದಲ್ಲಿದ್ದ ವ್ಯಕ್ತಿಯೊಬ್ಬ, ಆಕ್ರಮಣಶೀಲತೆ ಕುಗ್ಗಿಸುವ ಪ್ರಾಯೋಗಿಕ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಸಹಿ ಹಾಕಿದ್ದ. ಕಾನೂನು ನೆರವಿನ ವಕೀಲ ಗೇಬ್ ಕೈಮೊವಿಟ್ಜ್ ಅದನ್ನು ಪ್ರಶ್ನಿಸಿದರು. ಬಿಡುಗಡೆಯ ಬೀಗದ ಕೈ ವೈದ್ಯರ ಬಳಿ ಇರುವಾಗ ಬಂಧಿತ ಮನುಷ್ಯ ಕೊಡುವ ಒಪ್ಪಿಗೆ ಸ್ವಇಚ್ಛೆಯದಾಗಲಾರದು, ಅದರಲ್ಲೂ ಫಲ ಖಚಿತವಿಲ್ಲದ, ಹಿಂತಿರುಗಿಸಲಾಗದ ಶಸ್ತ್ರಚಿಕಿತ್ಸೆಗೆ ಅದು ಸಾಲದು ಎಂದು ನ್ಯಾಯಾಲಯ ತೀರ್ಪಿತ್ತಿತು. ಡಿಬಿಎಸ್ ಬೆಂಬಲಿಗರು ತಮ್ಮ ವಿಧಾನವನ್ನು ಸ್ವಿಚ್ ಒತ್ತಿ ನಿಲ್ಲಿಸಬಹುದು, ಮಿದುಳಿಗೆ ಶಾಶ್ವತ ಹಾನಿಯಿಲ್ಲ ಎಂದು ವಾದಿಸುತ್ತಾರೆ. ಆ ಮಾತು ಬಹುಮಟ್ಟಿಗೆ ನಿಜ. ಆದರೆ ನೂರಕ್ಕೆ ಒಂದೆರಡು ಶಸ್ತ್ರಚಿಕಿತ್ಸೆಗಳಲ್ಲಾದರೂ ಮಿದುಳಿನ ರಕ್ತಸ್ರಾವ ಆಗುತ್ತದೆ, ಅದನ್ನು ಹಿಂದಕ್ಕೆ ಪಡೆಯುವ ಸ್ವಿಚ್ ಇಲ್ಲ.

ಚೀನಾದಲ್ಲಿ ಮಾದಕ ವ್ಯಸನಿಗಳ ಮಿದುಳಿನ ಭಾಗವನ್ನು ಸುಡುವ ಶಸ್ತ್ರಚಿಕಿತ್ಸೆಗಳು ವಿವಾದಕ್ಕೆ ಸಿಲುಕಿದಾಗ 2004ರಲ್ಲಿ ಸರ್ಕಾರವೇ ತಡೆ ಹಾಕಿತು. 2019ರಲ್ಲಿ ಶಾಂಘಾಯಿಯ ರುಯಿಜಿನ್ ಆಸ್ಪತ್ರೆಯಲ್ಲಿ ಮೆತಾಂಫೆಟಮಿನ್ ವ್ಯಸನಕ್ಕೆ ಡಿಬಿಎಸ್ ಪ್ರಯೋಗ ನಡೆಯುತ್ತಿರುವ ಸುದ್ದಿ ಬಂತು. ವ್ಯಸನಿಗಳನ್ನು ಬಲವಂತವಾಗಿ ಪುನರ್ವಸತಿ ಕೇಂದ್ರದಲ್ಲಿಡುವ ಅಧಿಕಾರ ಪೊಲೀಸರಿಗಿರುವ ದೇಶದಲ್ಲಿ ಕೈಮೊವಿಟ್ಜ್ ಪ್ರಕರಣದ ಪ್ರಶ್ನೆ ಹಾಗೆಯೇ ಮತ್ತೆ ಏಳುತ್ತದೆ.

ಒಪ್ಪಿಗೆ

ಸಮ್ಮತಿ ಪಡೆಯುವಾಗ ರೋಗಿಗೆ ಎಲ್ಲ ಅಪಾಯಗಳನ್ನೂ ತಿಳಿಸಬೇಕೆಂಬುದು ನಿಯಮ. ಅಪಾಯಗಳೇ ಪೂರ್ತಿ ತಿಳಿಯದಿದ್ದಾಗ? ಜ್ಯೂರಿಕ್‌ನ ವೈದ್ಯರು 2019ರಲ್ಲಿ ಒಂಬತ್ತು ಪಾರ್ಕಿನ್‌ಸನ್ ರೋಗಿಗಳ ವಿಷಯ ಪ್ರಕಟಿಸಿದರು. ಎಲ್ಲರೂ ಚೆನ್ನಾಗಿ ಈಜಬಲ್ಲವರು. ಡಿಬಿಎಸ್ ಆದ ಮೇಲೆ ನಡಿಗೆ, ಕೈಯಾಟ ಎಲ್ಲ ಸುಧಾರಿಸಿತು, ಈಜು ಮಾತ್ರ ಮರೆತುಹೋಯಿತು. ಅವರಲ್ಲೊಬ್ಬರು ಧೈರ್ಯವಾಗಿ ಸರೋವರಕ್ಕೆ ಹಾರಿ ಮುಳುಗುವುದರಲ್ಲಿದ್ದರು, ಮನೆಯವರು ಎತ್ತಿದರು. ಚಿಕಿತ್ಸೆ ಶುರುವಾಗಿ ಮೂವತ್ತು ವರ್ಷವಾದ ಮೇಲೆ ಹೊರಬಂದ ಸಂಗತಿ ಇದು. 2001ರ ಸುಮಾರಿಗೆ, ಡಿಬಿಎಸ್ ಇದ್ದ ಇಬ್ಬರಿಗೆ ಡಯಾಥರ್ಮಿ ಎಂಬ ಸಾಮಾನ್ಯ ಶಾಖ ಚಿಕಿತ್ಸೆ ಕೊಟ್ಟಾಗ ಎಲೆಕ್ಟ್ರೋಡ್ ಕಾದು ಮಿದುಳಿಗೆ ತೀವ್ರ ಗಾಯವಾಯಿತು. ಆಮೇಲೆ ಎಚ್ಚರಿಕೆ ಹೊರಟಿತು. ಆದ್ದರಿಂದ ಈ ಕ್ಷೇತ್ರದಲ್ಲಿ ಒಪ್ಪಿಗೆಯನ್ನು ಒಂದೇ ಸಲ ಪಡೆದು ಕಡತದಲ್ಲಿಡುವುದು ಸಾಲದು. ಹೊಸ ತಿಳಿವಳಿಕೆ ಬಂದಂತೆಲ್ಲ ಹಳೆಯ ರೋಗಿಗಳನ್ನು ಹುಡುಕಿ ಹೇಳುವ ವ್ಯವಸ್ಥೆ ಬೇಕು.

ಹತಾಶೆಯೂ ಒಪ್ಪಿಗೆಯನ್ನು ಬಾಗಿಸುತ್ತದೆ. ಹದಿನೈದು ಇಪ್ಪತ್ತು ವರ್ಷ ಎಲ್ಲ ಔಷಧ ನುಂಗಿ ಸೋತ ಗೀಳು ಅಥವಾ ಖಿನ್ನತೆಯ ರೋಗಿಗೆ ಇದು ಕೊನೆಯ ಬಾಗಿಲು. ಪ್ರಯೋಗವನ್ನೂ ಚಿಕಿತ್ಸೆಯೆಂದೇ ಅವರು ತಿಳಿಯುತ್ತಾರೆ. ಗೀಳು ಕಾಯಿಲೆಗೆ ಅಮೆರಿಕ ಕೊಟ್ಟ ಮಾನವೀಯ ವಿನಾಯಿತಿಯನ್ನು 2011ರಲ್ಲಿ ಜೋಸೆಫ್ ಫಿನ್ಸ್ ಮತ್ತು ಸಂಗಡಿಗರು ಕಟುವಾಗಿ ಟೀಕಿಸಿದ್ದು ಇದೇ ಕಾರಣಕ್ಕೆ. ಪೂರ್ಣ ಪ್ರಮಾಣದ ಪರೀಕ್ಷೆಯನ್ನು ದಾಟದೆಯೇ ಮಾರುಕಟ್ಟೆಗೆ ಬಂದ ಸಾಧನಕ್ಕೆ ಅಧಿಕೃತ ಮುದ್ರೆ ಬಿದ್ದರೆ, ಅದರ ಫಲ ಖಚಿತವೆಂದು ರೋಗಿ ನಂಬುತ್ತಾನೆ. ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಡಿಸ್ಟೋನಿಯಕ್ಕೆ ಏಳು ವರ್ಷ ತುಂಬಿದ ಮಕ್ಕಳಿಗೂ ಅಮೆರಿಕದಲ್ಲಿ ಅನುಮತಿ ಇದೆ. ತಂದೆತಾಯಿ ಸಹಿ ಹಾಕುತ್ತಾರೆ, ಸಾಧನ ಹೊತ್ತು ಬೆಳೆಯುವವರು ಮಕ್ಕಳು. ಬೆಳೆದು ದೊಡ್ಡವರಾದಾಗ ಅವರ ಒಪ್ಪಿಗೆಯನ್ನು ಹೊಸದಾಗಿ ಕೇಳುವುದೇ ನ್ಯಾಯ.

ಸಾಧನ ಮತ್ತು ಸ್ವಭಾವ

ನೆದರ್ಲೆಂಡ್ಸ್‌ನಿಂದ 2004ರಲ್ಲಿ ವರದಿಯಾದ ಪ್ರಕರಣವೊಂದು ಈ ಚರ್ಚೆಯಲ್ಲಿ ಎಲ್ಲರೂ ಹೆಸರಿಸುವಂಥದು. 62 ವರ್ಷದ ಪಾರ್ಕಿನ್‌ಸನ್ ರೋಗಿಗೆ ಡಿಬಿಎಸ್‌ನಿಂದ ಓಡಾಟ ಮರಳಿತು, ಜೊತೆಗೆ ಉನ್ಮಾದವೂ ಬಂತು. ಹಣವನ್ನು ಮನಬಂದಂತೆ ಚೆಲ್ಲಿ ದೊಡ್ಡ ಸಾಲದಲ್ಲಿ ಬಿದ್ದರು. ತಮಗೇನೋ ಆಗಿದೆಯೆಂಬ ಅರಿವೇ ಅವರಿಗಿರಲಿಲ್ಲ. ಔಷಧ ನಾಟಲಿಲ್ಲ. ಉದ್ದೀಪನ ನಿಲ್ಲಿಸಿದರೆ ಬುದ್ಧಿ ತಿಳಿಯಾಗುತ್ತಿತ್ತು, ದೇಹ ಮಾತ್ರ ಹಾಸಿಗೆಗೆ ಅಂಟಿಕೊಳ್ಳುತ್ತಿತ್ತು. ಎರಡರ ನಡುವೆ ಒಂದು ನೆಲೆ ಸಿಗಲೇ ಇಲ್ಲ. ಕೊನೆಗೆ ಸಾಧನ ನಿಲ್ಲಿಸಿ, ತಿಳಿಯಾದ ಮನಸ್ಸಿನಲ್ಲಿದ್ದಾಗ ಅವರನ್ನೇ ಕೇಳಿದರು: ಎಚ್ಚರದ ಬುದ್ಧಿಯೊಡನೆ ಶುಶ್ರೂಷಾಲಯದ ಹಾಸಿಗೆಯೋ, ಓಡಾಡುವ ದೇಹದೊಡನೆ ಮನೋರೋಗ ಆಸ್ಪತ್ರೆಯೋ? ಅವರು ಎರಡನೆಯದನ್ನು ಆರಿಸಿದರು. ಸಾಧನ ಚಾಲೂ ಆಯಿತು, ಕಾನೂನಿನ ವಿಧಿಯಂತೆ ಅವರನ್ನು ಆಸ್ಪತ್ರೆಗೆ ಸೇರಿಸಿದರು.

ವೈದ್ಯರು ಇಲ್ಲಿ ನಡೆದುಕೊಂಡ ರೀತಿ ಸರಿ ಎಂದೇ ಹೇಳಬೇಕು. ತೀರ್ಮಾನ ಶಕ್ತಿ ಇರುವ ಸ್ಥಿತಿಗೆ ರೋಗಿಯನ್ನು ತಂದು, ಅಲ್ಲಿ ಕೇಳಿದರು. ಉಳಿಯುವ ಕಷ್ಟ ಬೇರೆ. ಉನ್ಮಾದದಲ್ಲಿರುವ ಮನುಷ್ಯ ಮುಂದೊಂದು ದಿನ ನನ್ನನ್ನು ಇಲ್ಲಿಂದ ಬಿಡಿ ಎಂದರೆ ಯಾರ ಮಾತು ನಡೆಯಬೇಕು? ಸಾಧನ ನಿಂತಾಗ ಆಡಿದ ಮಾತಿಗೆ ಇಡೀ ಆಯುಷ್ಯದ ಮೇಲೆ ಅಧಿಕಾರ ಕೊಡಬಹುದೇ? ಕಾನೂನಿಗೆ ಇಲ್ಲಿಯವರೆಗೆ ರೋಗಿ ಒಬ್ಬನೇ ವ್ಯಕ್ತಿ. ಒಂದೇ ಮನುಷ್ಯ ಎರಡು ಬಗೆಯ ತೀರ್ಮಾನ ಶಕ್ತಿಯ ನಡುವೆ ಸ್ವಿಚ್‌ನಿಂದ ಓಡಾಡುವುದನ್ನು ಅದು ಊಹಿಸಿರಲಿಲ್ಲ.

ಅದೇ ದೇಶದ ಇನ್ನೊಂದು ವರದಿ 2014ರದು. ಗೀಳು ಕಾಯಿಲೆಗೆ ಡಿಬಿಎಸ್ ಪಡೆದ ಅರವತ್ತರ ಆಸುಪಾಸಿನ ವ್ಯಕ್ತಿಯೊಬ್ಬರಿಗೆ ಹಠಾತ್ತನೆ ಜಾನಿ ಕ್ಯಾಶ್ ಎಂಬ ಅಮೆರಿಕನ್ ಗಾಯಕನ ಹಾಡುಗಳ ಮೇಲೆ ಒಲವು ಹುಟ್ಟಿತು. ಬ್ಯಾಟರಿ ಇಳಿದಾಗ ಆ ಒಲವೂ ಇಳಿದು, ಹಳೆಯ ಡಚ್ ಹಾಡುಗಳೇ ಹಿತವಾಗುತ್ತಿದ್ದವು. ಯಾರಿಗೂ ಕೇಡಿಲ್ಲದ ಬದಲಾವಣೆ, ಅವರೂ ಅದನ್ನು ಸಂತೋಷದಿಂದಲೇ ಒಪ್ಪಿಕೊಂಡರು. 2012ರಲ್ಲಿ ಚರ್ಚೆಯಾದ ಜರ್ಮನಿಯ ಪ್ರಕರಣ ಇನ್ನೂ ಮುಂದಕ್ಕೆ ಹೋಗುತ್ತದೆ. ಗೀಳು ಮತ್ತು ಆತಂಕದ 33 ವರ್ಷದ ರೋಗಿಯೊಬ್ಬರಿಗೆ ವೋಲ್ಟೇಜ್ ಏರಿಸುತ್ತ ಹೋದಾಗ ಅಪಾರ ಸಂತೋಷ ಉಕ್ಕಿತು. ತೀರ ಮೇಲಿನ ಹಂತದಲ್ಲಿ ಅದು ತಡೆಯಲಾರದಷ್ಟಾಯಿತು. ಮಧ್ಯಮ ಮಟ್ಟಕ್ಕೆ ಇಳಿಸಿದರು. ಮರುದಿನ ಅವರು ಬಂದು, ಇನ್ನೂ ಸ್ವಲ್ಪ ಏರಿಸಿ ಎಂದರು. ರೋಗ ಹಿಡಿತಕ್ಕೆ ಬಂದಿದೆ, ಇನ್ನು ಕೇಳುತ್ತಿರುವುದು ಹೆಚ್ಚುವರಿ ಸುಖ. ವೈದ್ಯ ಕೊಡಬೇಕೆ? ನಿರಾಕರಿಸಲು ವೈದ್ಯನಿಗಿರುವ ಅಧಿಕಾರ ಯಾವುದು? ವಾರಾಂತ್ಯದ ಮದ್ಯಪಾನಕ್ಕೆ ಯಾರ ಅನುಮತಿಯೂ ಬೇಡದ ಸಮಾಜದಲ್ಲಿ ಇದು ಸುಲಭದ ಪ್ರಶ್ನೆಯಲ್ಲ. ಆದರೂ ಕೇಳುತ್ತಿರುವ ಆಸೆ ಆ ವಿದ್ಯುತ್ತಿನಿಂದಲೇ ಹುಟ್ಟಿದ್ದಿರಬಹುದಾದ ಕಡೆ, ವೈದ್ಯ ಸ್ವಲ್ಪ ತಡೆದು ನಿಲ್ಲುವುದೇ ಸರಿ.

ಇಂಥ ಕಥೆಗಳು ಮನಸ್ಸನ್ನು ಹಿಡಿಯುತ್ತವೆ, ಆದ್ದರಿಂದಲೇ ಎಚ್ಚರ ಬೇಕು. ಡಿಬಿಎಸ್ ವ್ಯಕ್ತಿತ್ವವನ್ನೇ ಬದಲಿಸುತ್ತದೆಂಬ ವಾದ ಕೆಲವೇ ಬಿಡಿ ಪ್ರಕರಣಗಳ ಮೇಲೆ ನಿಂತಿದೆಯೆಂದು ಫ್ರೆಡೆರಿಕ್ ಗಿಲ್ಬರ್ಟ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು. ಪಾರ್ಕಿನ್‌ಸನ್ ಕಾಯಿಲೆಯೂ ಅದರ ಔಷಧಗಳೂ ಸ್ವತಃ ಸ್ವಭಾವ ಬದಲಿಸುತ್ತವೆ. ಡೋಪಮಿನ್‌ನಂತೆ ಕೆಲಸ ಮಾಡುವ ಮಾತ್ರೆಗಳಿಂದ ಜೂಜಿಗೆ ಬಿದ್ದವರು ಕಡಿಮೆಯಿಲ್ಲ. ಸಾಧನದಿಂದ ಮತ್ತೆ ಮೊದಲಿನವರಂತಾದೆವು ಎನ್ನುವ ರೋಗಿಗಳೂ ಇದ್ದಾರೆ. 2006ರಲ್ಲಿ ಪ್ಯಾರಿಸ್ಸಿನ 29 ರೋಗಿಗಳ ಅಧ್ಯಯನ ಕಂಡದ್ದು ಇನ್ನೂ ಸಾಮಾನ್ಯವಾದ, ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದ ಸತ್ಯ: ದೇಹ ಸುಧಾರಿಸಿದ ಮೇಲೆ ಹಲವರ ದಾಂಪತ್ಯ ಕೆಟ್ಟಿತು, ಕೆಲವರು ಕೆಲಸಕ್ಕೆ ಮರಳಲು ಮನಸ್ಸು ಮಾಡಲಿಲ್ಲ. ವರ್ಷಗಟ್ಟಲೆ ಒಬ್ಬರು ರೋಗಿ, ಒಬ್ಬರು ಆರೈಕೆಯವರು ಎಂದು ಬಾಳಿದ ಮನೆಯಲ್ಲಿ ಆ ಪಾತ್ರಗಳು ಒಂದೇ ವಾರದಲ್ಲಿ ಬದಲಾದರೆ ಇಬ್ಬರಿಗೂ ದಾರಿ ತಪ್ಪುತ್ತದೆ. ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿ ಹೆಂಡತಿಗೋ ಗಂಡನಿಗೋ ಒಂದು ಸಾಲೂ ಇರುವುದಿಲ್ಲ.

ಅಪರಾಧ ಮತ್ತು ಹೊಣೆ

ಸಾಧನದ ಪ್ರಭಾವದಲ್ಲಿದ್ದವನು ಅಪರಾಧ ಮಾಡಿದರೆ ಹೊಣೆ ಯಾರದು? ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಹಿಂದಿನ ದಂಡ ಸಂಹಿತೆಯ 84ನೆಯದರಂತೆಯೇ, ಚಿತ್ತಸ್ವಾಸ್ಥ್ಯವಿಲ್ಲದೆ ತನ್ನ ಕೃತ್ಯದ ಸ್ವರೂಪ ಅಥವಾ ಅದು ತಪ್ಪೆಂಬುದು ತಿಳಿಯದವನಿಗೆ ರಕ್ಷಣೆ ಕೊಡುತ್ತದೆ. ಉನ್ಮಾದದಲ್ಲಿ ಹಣ ಚೆಲ್ಲುವ, ಜಗಳ ತೆಗೆಯುವ ರೋಗಿಗೆ ತಿಳಿವು ಇರುತ್ತದೆ, ತಡೆ ಇರುವುದಿಲ್ಲ. ಈ ಕಲಂ ಅವನನ್ನು ಕಾಯುವುದು ಕಷ್ಟ. ಅಮಲಿನ ಬಗೆಗಿನ ಕಾನೂನು ಇದಕ್ಕಿಂತ ಹತ್ತಿರ ಬರುತ್ತದೆ. ತಾನಾಗಿ ಕುಡಿದವನಿಗೂ ಅರಿವಿಲ್ಲದೆ ಕುಡಿಸಲ್ಪಟ್ಟವನಿಗೂ ಅದು ವ್ಯತ್ಯಾಸ ಮಾಡುತ್ತದೆ. ರೋಗಿಯ ಕೈಯಲ್ಲೂ ರಿಮೋಟ್ ಇರುತ್ತದೆ, ವೈದ್ಯರು ಗೊತ್ತುಮಾಡಿದ ಮಿತಿಯೊಳಗೆ ತಾನೇ ಏರಿಸಿ ಇಳಿಸಬಹುದು. ಹಿಂದಿನ ಸಲ ಏರಿಸಿದಾಗ ಏನಾಯಿತೆಂದು ತಿಳಿದೂ ಏರಿಸಿಕೊಂಡವನ ಹೊಣೆ, ಕ್ಲಿನಿಕ್‌ನಲ್ಲಿ ಇನ್ನೊಬ್ಬರು ಏರಿಸಿ ಕಳುಹಿಸಿದವನ ಹೊಣೆ ಒಂದೇ ಆಗಲಾರದು.

ಸಾಧನವೇ ಕೆಟ್ಟರೆ ಪರಿಹಾರದ ದಾರಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಸುಪ್ರೀಂ ಕೋರ್ಟ್ 2008ರ ರೀಗಲ್ ಪ್ರಕರಣದಲ್ಲಿ, ಕೇಂದ್ರ ಸಂಸ್ಥೆಯ ಅತಿ ಕಟ್ಟುನಿಟ್ಟಿನ ಪರಿಶೀಲನೆ ದಾಟಿದ ಸಾಧನದ ಮೇಲೆ ರಾಜ್ಯ ಕಾನೂನಿನಡಿ ಹೂಡುವ ಹೆಚ್ಚಿನ ಪರಿಹಾರ ದಾವೆಗಳು ನಿಲ್ಲವೆಂದಿತು. ರೋಗಿಗಳ ಪಾಲಿಗೆ ಅದು ದೊಡ್ಡ ಬಾಗಿಲು ಮುಚ್ಚಿದಂತೆಯೇ. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನ ಹೊಣೆಗಾರಿಕೆಯನ್ನು ಪ್ರತ್ಯೇಕವಾಗಿ ಸೇರಿಸಿದೆ. ತಯಾರಕರೊಡನೆ ಮಾರಾಟಗಾರ, ಸೇವೆ ಕೊಟ್ಟವರೂ ಅದರ ವ್ಯಾಪ್ತಿಗೆ ಬರುತ್ತಾರೆ.

ಕಂಪನಿ ಬಾಗಿಲು ಮುಚ್ಚಿದಾಗ

ನ್ಯೂರೋವಿಸ್ಟಾ ಎಂಬ ಅಮೆರಿಕನ್ ಕಂಪನಿ ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ಹದಿನೈದು ಮೂರ್ಛೆ ರೋಗಿಗಳಿಗೆ ಒಂದು ಸಾಧನ ಅಳವಡಿಸಿತು. ಅದು ಉದ್ದೀಪಿಸುವುದಲ್ಲ, ಮಿದುಳಿನ ಅಲೆಗಳನ್ನು ಓದಿ ಮೂರ್ಛೆ ಬರುವ ಮುನ್ನ ಎಚ್ಚರಿಕೆ ದೀಪ ಬೆಳಗುವುದು; ಉದ್ದೀಪಕಗಳಿಗೂ ಇದೇ ಪಾಠ ಅನ್ವಯಿಸುತ್ತದೆ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕಂಪನಿಯ ಹಣ ಮುಗಿದಿತ್ತು. ಸಾಧನಗಳನ್ನು ಹೊರತೆಗೆಯಬೇಕೆಂದು ರೋಗಿಗಳಿಗೆ ತಿಳಿಸಿದರು. ಅವರಲ್ಲಿ ಒಬ್ಬ ಮಹಿಳೆ ಒಪ್ಪಲಿಲ್ಲ. ಬಾಲ್ಯದಿಂದ ಯಾವ ಕ್ಷಣದಲ್ಲಿ ಬಿದ್ದೇನೋ ಎಂಬ ಭಯದಲ್ಲೇ ಬದುಕಿದ್ದ ಆಕೆ, ದೀಪ ಬೆಳಗಿದಾಗ ಮಾತ್ರೆ ನುಂಗಿ ಮೂರ್ಛೆಯನ್ನೇ ತಪ್ಪಿಸಿಕೊಳ್ಳುವುದನ್ನು ಕಲಿತಿದ್ದರು. ಮನೆಯನ್ನು ಅಡವಿಟ್ಟಾದರೂ ಸಾಧನವನ್ನು ಕೊಂಡುಕೊಳ್ಳುತ್ತೇನೆಂದರು. ಆಗಲಿಲ್ಲ, ತೆಗೆಸಿಕೊಳ್ಳಲೇಬೇಕಾಯಿತು. ತನ್ನ ಒಂದು ಭಾಗವನ್ನೇ ಕಳೆದುಕೊಂಡಂತಾಯಿತೆಂದು ಆಕೆ ಸಂಶೋಧಕರಿಗೆ ಹೇಳಿದ್ದನ್ನು ಆಧರಿಸಿ, ಹೀಗೆ ಬಲವಂತವಾಗಿ ತೆಗೆಯುವುದು ಮಾನವ ಹಕ್ಕಿನ ಉಲ್ಲಂಘನೆ ಆಗಬಹುದೆಂದು ಗಿಲ್ಬರ್ಟ್, ಮಾರ್ಚೆಲ್ಲೊ ಇಯೆಂಕಾ ಮತ್ತು ಮಾರ್ಕ್ ಕುಕ್ 2023ರಲ್ಲಿ ವಾದಿಸಿದರು.

ದೃಷ್ಟಿಹೀನರ ರೆಟಿನಾಕ್ಕೆ ಅಳವಡಿಸುವ ಆರ್ಗಸ್ ಎಂಬ ಸಾಧನ ತಯಾರಿಸಿದ ಸೆಕೆಂಡ್ ಸೈಟ್ ಕಂಪನಿ ಅದರ ತಯಾರಿಕೆ ನಿಲ್ಲಿಸಿ 2020ರ ಹೊತ್ತಿಗೆ ಮುಳುಗುವ ಹಂತ ತಲುಪಿದಾಗ, ಮುನ್ನೂರೈವತ್ತಕ್ಕೂ ಹೆಚ್ಚು ಜನರ ಕಣ್ಣಿನಲ್ಲಿದ್ದ ಸಾಧನಗಳಿಗೆ ರಿಪೇರಿಯೂ ಬಿಡಿಭಾಗವೂ ಇಲ್ಲವಾಯಿತು. ಕ್ಲಸ್ಟರ್ ತಲೆನೋವಿಗೆ ಉದ್ದೀಪಕ ತಯಾರಿಸುತ್ತಿದ್ದ ಇನ್ನೊಂದು ಕಂಪನಿ 2019ರಲ್ಲಿ ಮುಚ್ಚಿತು. ಖಿನ್ನತೆಗೆ ಡಿಬಿಎಸ್ ನೀಡಿದ ದೊಡ್ಡ ಪ್ರಯೋಗವೊಂದನ್ನು, ಮೊದಲ ಆರು ತಿಂಗಳಲ್ಲಿ ಫಲ ಕಾಣದೆ, 90 ರೋಗಿಗಳ ಹಂತದಲ್ಲಿ ನಿಲ್ಲಿಸಿದರು. ಎರಡು ವರ್ಷದ ಹೊತ್ತಿಗೆ ಅವರಲ್ಲಿ ಸುಮಾರು ಅರ್ಧದಷ್ಟು ಜನ ಸುಧಾರಿಸಿದ್ದರು. ಪ್ರಯೋಗ ಸೋತಿತೆಂದು ಬರೆದ ಕಾಗದ ಒಂದು ಕಡೆ, ಸಾಧನ ತೆಗೆದರೆ ಮತ್ತೆ ಕತ್ತಲೆಗೆ ಬೀಳುತ್ತೇನೆ ಎನ್ನುವ ರೋಗಿ ಇನ್ನೊಂದು ಕಡೆ. ಅಂಥವರ ಮುಂದಿನ ಬ್ಯಾಟರಿಗೆ ಯಾರು ಹಣ ಕೊಡಬೇಕು?

ಬ್ಯಾಟರಿ ಸಣ್ಣ ಸಂಗತಿಯಲ್ಲ. ಮರುಚಾರ್ಜ್ ಆಗದ ಬಗೆಯದು ಮೂರರಿಂದ ಐದು ವರ್ಷ ಬಾಳುತ್ತದೆ, ಆಮೇಲೆ ಎದೆಯನ್ನು ಮತ್ತೆ ಕೊಯ್ದು ಬದಲಿಸಬೇಕು. ಚಾರ್ಜ್ ಮಾಡುವ ಬಗೆಯದು ಹದಿನೈದು ವರ್ಷದವರೆಗೂ ಬರುತ್ತದೆ, ಬೆಲೆ ಹೆಚ್ಚು, ದಿನಕ್ಕೋ ವಾರಕ್ಕೋ ಒಮ್ಮೆ ಚಾರ್ಜ್ ಮಾಡಲೇಬೇಕು. ಭಾರತದಲ್ಲಿ ಮೊದಲ ಶಸ್ತ್ರಚಿಕಿತ್ಸೆಗೇ ಹತ್ತು ಲಕ್ಷ ರೂಪಾಯಿಗೂ ಮೇಲೆ ಖರ್ಚಾಗುತ್ತದೆ. ಹೊಲ ಮಾರಿಯೋ ಸಾಲ ಮಾಡಿಯೋ ಮೊದಲ ಸಲ ಹೊಂದಿಸಿದ ಕುಟುಂಬ ಎರಡನೆಯ ಬ್ಯಾಟರಿಯ ಹೊತ್ತಿಗೆ ಬರಿಗೈಯಾಗಿರುತ್ತದೆ. ವರ್ಷಗಟ್ಟಲೆ ಉದ್ದೀಪನಕ್ಕೆ ಒಗ್ಗಿದ ಪಾರ್ಕಿನ್‌ಸನ್ ರೋಗಿಯ ಬ್ಯಾಟರಿ ಹಠಾತ್ತನೆ ಸತ್ತರೆ ದೇಹ ಮರದಂತೆ ಬಿಗಿದು, ಜ್ವರವೇರಿ ಪ್ರಾಣಕ್ಕೇ ಅಪಾಯ ಬರಬಹುದು; ಔಷಧದಿಂದ ಅದನ್ನು ಹಿಡಿಯುವುದು ಕಷ್ಟ. ಅಳವಡಿಸುವ ದಿನವೇ ಮುಂದಿನ ಬ್ಯಾಟರಿಯ ಹಣಕ್ಕೆ ದಾರಿ ಮಾಡದ ಯಾವ ಯೋಜನೆಯೂ, ಸರ್ಕಾರದ್ದಿರಲಿ ದಾನಿಗಳದ್ದಿರಲಿ, ಅರ್ಧ ಚಿಕಿತ್ಸೆಯೇ. ತಯಾರಕರು ಮುಂಗಡವಾಗಿ ನಿಧಿಯೊಂದಕ್ಕೆ ಹಣ ಕಟ್ಟಬೇಕು, ಎಲ್ಲ ಕಂಪನಿಗಳ ತಂತಿ ಮತ್ತು ಜೋಡಣೆಗಳು ಒಂದೇ ಮಾನಕದಲ್ಲಿರಬೇಕು, ಒಂದು ಕಂಪನಿ ಮುಚ್ಚಿದರೆ ಇನ್ನೊಂದರ ಬ್ಯಾಟರಿ ಹೊಂದುವಂತಿರಬೇಕು ಎಂಬ ಸಲಹೆಗಳಿವೆ. ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ.

ಮಾಹಿತಿ ಮತ್ತು ನುಸುಳುಕೋರರು

ಹೊಸ ಸಾಧನಗಳು ವಿದ್ಯುತ್ ಕೊಡುವುದರ ಜೊತೆಗೆ ಮಿದುಳಿನ ಸಂಕೇತಗಳನ್ನು ದಾಖಲಿಸುತ್ತವೆ. ಆ ದಾಖಲೆ ಯಾರದು? ಅಮೆರಿಕದ ಒಹಾಯೊದಲ್ಲಿ 2017ರಲ್ಲಿ, ಮನೆಗೆ ಬೆಂಕಿಯಿಟ್ಟ ಆರೋಪ ಹೊತ್ತವನೊಬ್ಬನ ವಿರುದ್ಧ ಅವನ ಹೃದಯದ ಪೇಸ್‌ಮೇಕರ್ ದಾಖಲೆಯನ್ನೇ ಸಾಕ್ಷ್ಯವಾಗಿ ಬಳಸಲು ನ್ಯಾಯಾಧೀಶರು ಒಪ್ಪಿದರು. ಹೃದಯದ ಬಡಿತ ಸಾಕ್ಷಿಯಾಗುವುದಾದರೆ ಮಿದುಳಿನ ಅಲೆ ಆಗದೇಕೆ ಎಂದು ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಭಾರತದಲ್ಲಿ ಇದಕ್ಕೆ ಒಂದು ತಡೆ ಆಗಲೇ ಇದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳಿನ ವಿದ್ಯುತ್ ನಕ್ಷೆ ಇವನ್ನು ಒಪ್ಪಿಗೆಯಿಲ್ಲದೆ ನಡೆಸುವುದು ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧವೆಂದು ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಈ ಎರಡು ತೀರ್ಪುಗಳನ್ನು ಜೊತೆಯಲ್ಲಿ ಓದಿದರೆ ಮನಸ್ಸಿನ ಖಾಸಗಿತನಕ್ಕೆ ಗಟ್ಟಿ ಬುನಾದಿ ಸಿಗುತ್ತದೆ. ಆದರೆ ಸೆಲ್ವಿ ತೀರ್ಪು ಪರೀಕ್ಷೆಗೆ ಒತ್ತಾಯಿಸುವುದರ ಬಗ್ಗೆ. ಚಿಕಿತ್ಸೆಗೆಂದು ತಾನೇ ಅಳವಡಿಸಿಕೊಂಡ ಸಾಧನದಲ್ಲಿ ಆಗಲೇ ಕೂಡಿಬಿದ್ದ ದಾಖಲೆಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದು ತೆರೆದ ಪ್ರಶ್ನೆ.

ಚಿಲಿ ದೇಶ 2021ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಮಿದುಳಿನ ಚಟುವಟಿಕೆ ಮತ್ತು ಅದರಿಂದ ಬರುವ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಾಜಿ ಸೆನೆಟರ್ ಗಿಡೊ ಹಿರಾರ್ಡಿ ಅವರ ಮಿದುಳಿನ ದತ್ತಾಂಶವನ್ನು ಅಳಿಸುವಂತೆ ಇಮೋಟಿವ್ ಕಂಪನಿಗೆ ಆದೇಶಿಸಿತು. ಆ ಕಂಪನಿಯದು ತಲೆಯ ಹೊರಗೆ ಧರಿಸುವ ಸಾಧನ. ತತ್ತ್ವ ಒಳಗಿನದಕ್ಕೂ ಸಲ್ಲುತ್ತದೆ. ಅಮೆರಿಕದ ಕೊಲೊರಾಡೊ, ಕ್ಯಾಲಿಫೋರ್ನಿಯಾ ರಾಜ್ಯಗಳು 2024ರಲ್ಲಿ ನರದತ್ತಾಂಶವನ್ನು ಸೂಕ್ಷ್ಮ ಮಾಹಿತಿಯ ಪಟ್ಟಿಗೆ ಸೇರಿಸಿದವು. ಯುನೆಸ್ಕೊ 2025ರ ನವೆಂಬರಿನಲ್ಲಿ ನರತಂತ್ರಜ್ಞಾನದ ನೀತಿಯ ಬಗ್ಗೆ ಶಿಫಾರಸು ಅಂಗೀಕರಿಸಿತು.

ನಿಸ್ತಂತು ಸಂಪರ್ಕವಿರುವ ಸಾಧನಕ್ಕೆ ಹೊರಗಿನವರು ನುಸುಳಿ ಹೊಂದಾಣಿಕೆ ಕೆಡಿಸಬಹುದೆಂದು ಆಕ್ಸ್‌ಫರ್ಡಿನ ಸಂಶೋಧಕರು 2016ರಲ್ಲಿ ಎಚ್ಚರಿಸಿದರು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೆನಿ ತಮ್ಮ ಹೃದಯದ ಸಾಧನದ ನಿಸ್ತಂತು ಸಂಪರ್ಕವನ್ನೇ 2007ರಲ್ಲಿ ತೆಗೆಸಿದ್ದರು. 2017ರಲ್ಲಿ ಸುಮಾರು 4,65,000 ಪೇಸ್‌ಮೇಕರ್‌ಗಳ ತಂತ್ರಾಂಶ ಸರಿಪಡಿಸಬೇಕಾಯಿತು. ಅಪಾಯ ನಿಜ, ದೂರದಿಂದ ಹೊಂದಿಸುವ ಸೌಲಭ್ಯ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಆದರೆ ಇಂದು ರೋಗಿಯನ್ನು ಕಾಡುತ್ತಿರುವುದು ನುಸುಳುಕೋರನಿಗಿಂತ ಹೆಚ್ಚಾಗಿ ಖಾಲಿಯಾದ ಬ್ಯಾಟರಿ.

ಭಾರತದ ಕಾನೂನು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 96ನೇ ಕಲಂ ಪ್ರಕಾರ ಮಾನಸಿಕ ಕಾಯಿಲೆಗೆ ಮನೋಶಸ್ತ್ರಚಿಕಿತ್ಸೆ ಮಾಡಲು ರೋಗಿಯದೇ ತಿಳಿದುಕೊಟ್ಟ ಒಪ್ಪಿಗೆ ಬೇಕು, ಜೊತೆಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಅನುಮೋದನೆಯೂ ಬೇಕು. ಮನೆಯವರ ಸಹಿ ಸಾಲದು. ಕಾಯ್ದೆ ಡಿಬಿಎಸ್ ಹೆಸರನ್ನು ಎತ್ತುವುದಿಲ್ಲ, ಆದರೂ ಗೀಳು ಅಥವಾ ಖಿನ್ನತೆಗೆ ಅದನ್ನು ಬಳಸುವಾಗ ಈ ದಾರಿಯಲ್ಲೇ ಹೋಗುವುದು ಕ್ಷೇಮ. ಅದೇ ಸಾಧನವನ್ನು ಪಾರ್ಕಿನ್‌ಸನ್ ಕಾಯಿಲೆಗೆ ಹಾಕಿದರೆ ಯಾವ ಮಂಡಳಿಯೂ ಬೇಕಿಲ್ಲ. ಡಚ್ ರೋಗಿಯ ಉನ್ಮಾದ ಬಂದದ್ದು ಪಾರ್ಕಿನ್‌ಸನ್ ಚಿಕಿತ್ಸೆಯಿಂದ ಎಂಬುದನ್ನು ನೆನೆದರೆ, ನರರೋಗ ಮತ್ತು ಮನೋರೋಗ ಎಂದು ಕಾನೂನು ಎಳೆದ ಗೆರೆ ಮಿದುಳಿನಲ್ಲಿ ಇಲ್ಲವೆಂಬುದು ತಿಳಿಯುತ್ತದೆ. ಕಾಯ್ದೆಯಲ್ಲಿರುವ ಮುಂಗಡ ನಿರ್ದೇಶನ ಮತ್ತು ನಾಮನಿರ್ದೇಶಿತ ಪ್ರತಿನಿಧಿಯ ವ್ಯವಸ್ಥೆಯನ್ನು ಪಾರ್ಕಿನ್‌ಸನ್ ರೋಗಿಗಳೂ ಬಳಸಿಕೊಂಡರೆ ಒಳಿತು: ನನಗೆ ಉನ್ಮಾದ ಬಂದರೆ ವಿದ್ಯುತ್ತನ್ನು ಇಳಿಸಿ, ಇಂಥವರನ್ನು ಕೇಳಿ ಎಂದು ಮೊದಲೇ ಬರೆದಿಡಬಹುದು.

ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ತಪಾಸಣೆಗೆ ಕೊಟ್ಟ ಒಪ್ಪಿಗೆಯನ್ನು ಚಿಕಿತ್ಸೆಗೆ ಎಳೆಯಲಾಗದು, ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ಸಾಕಷ್ಟು ತಿಳಿಸಲೇಬೇಕು ಎಂದಿತು. 2018ರ ಜನವರಿಯಿಂದ ಜಾರಿಗೆ ಬಂದ ವೈದ್ಯಕೀಯ ಸಾಧನ ನಿಯಮಗಳು ಅಪಾಯದ ಮಟ್ಟಕ್ಕೆ ತಕ್ಕಂತೆ ನಾಲ್ಕು ವರ್ಗ ಮಾಡಿವೆ. ಕೆಟ್ಟುಹೋದ ಸಾಧನಕ್ಕೆ ಪರಿಹಾರ ಪಡೆಯುವುದು ಎಷ್ಟು ಕಷ್ಟವೆಂಬುದನ್ನು ಕೃತಕ ಸೊಂಟದ ಕೀಲುಗಳ ಪ್ರಕರಣ ತೋರಿಸಿದೆ. ಜಗತ್ತಿನಾದ್ಯಂತ 2010ರಲ್ಲಿ ಹಿಂತೆಗೆದ ಸಾಧನಕ್ಕೆ ಭಾರತದಲ್ಲಿ ಪರಿಹಾರದ ಸೂತ್ರ ರೂಪುಗೊಂಡದ್ದು 2018ರಲ್ಲಿ, ಅದೂ ತಜ್ಞರ ಸಮಿತಿ ನೇಮಿಸಿದ ಮೇಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್‌ಸನ್ ಕಾಯಿಲೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿರುವುದು ಮುಖ್ಯ. ಸಾಧನದ ನಿರ್ವಹಣೆಯನ್ನು ಹಕ್ಕಿನ ರೂಪದಲ್ಲಿ ಕೇಳಲು ಅಲ್ಲಿ ಎಡೆಯಿದೆ.

ಮರಣಾನಂತರ

ರೋಗಿ ತೀರಿಕೊಂಡ ಮೇಲೆ ದಹನಕ್ಕೆ ಮುನ್ನ ಎದೆಯ ಬ್ಯಾಟರಿ ಪೆಟ್ಟಿಗೆಯನ್ನು ತೆಗೆಯಲೇಬೇಕು. ಬೆಂಕಿಯಲ್ಲಿ ಅದು ಸಿಡಿಯುತ್ತದೆ. ಮನೆಯಲ್ಲೇ ಪ್ರಾಣ ಹೋದಾಗ, ಸಂಜೆಯೊಳಗೆ ಸಂಸ್ಕಾರ ಮುಗಿಸುವ ಅವಸರದಲ್ಲಿ ಇದು ಯಾರಿಗೂ ನೆನಪಾಗದೆ ಹೋಗಬಹುದು. ಸಾಧನ ಹಾಕಿದ ಆಸ್ಪತ್ರೆಯೇ ಮನೆಯವರಿಗೆ ಮೊದಲೇ ಹೇಳಿ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ತೆಗೆಸಬಹುದೆಂದು ಬರೆದುಕೊಡಬೇಕು. ತೆಗೆದ ಸಾಧನ ಕುಟುಂಬದ್ದೋ, ಆಸ್ಪತ್ರೆಯದೋ, ಕಂಪನಿಯದೋ ಎಂಬ ತಕರಾರೂ ಇದೆ. ಹಣ ಕೊಟ್ಟು ಕೊಂಡವರು ಕುಟುಂಬದವರು. ಅದನ್ನು ಶುದ್ಧಗೊಳಿಸಿ ಬಡ ರೋಗಿಗೆ ಮತ್ತೆ ಹಾಕಬಹುದೇ ಎಂಬ ಚರ್ಚೆ ಪೇಸ್‌ಮೇಕರ್ ವಿಷಯದಲ್ಲಿ ಬಹುಕಾಲದಿಂದ ನಡೆದಿದೆ. ತಯಾರಕರು ಒಮ್ಮೆ ಮಾತ್ರ ಬಳಕೆಗೆ ಎಂದು ಮುದ್ರಿಸಿರುವಾಗ, ಮರುಬಳಕೆಯಿಂದ ಸೋಂಕು ತಗುಲಿದರೆ ಹೊಣೆ ವೈದ್ಯರ ಮೇಲೆ ಬರುತ್ತದೆ.

ಕಂಪನಿಯ ಸರ್ವರ್‌ನಲ್ಲಿ ಉಳಿದ ಮಿದುಳಿನ ದಾಖಲೆಯ ಕಥೆ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನರದತ್ತಾಂಶಕ್ಕೆ ಪ್ರತ್ಯೇಕ ವರ್ಗ ಮಾಡಿಲ್ಲ. ಆರೋಗ್ಯ ಮಾಹಿತಿಗೂ ಫೋನ್ ನಂಬರಿಗೂ ಅದರಲ್ಲಿ ಒಂದೇ ಮಟ್ಟ. ಆದರೆ ತಾನು ಸತ್ತರೆ ಅಥವಾ ಅಶಕ್ತನಾದರೆ ತನ್ನ ದತ್ತಾಂಶದ ಹಕ್ಕುಗಳನ್ನು ಚಲಾಯಿಸಲು ಇನ್ನೊಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶ ಅದೇ ಕಾಯ್ದೆಯ 14ನೇ ಕಲಂನಲ್ಲಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಸಾಧನ ಅಳವಡಿಸುವ ಆಸ್ಪತ್ರೆಗಳು ಒಪ್ಪಿಗೆ ಪತ್ರದ ಜೊತೆಗೆ ಈ ನಾಮನಿರ್ದೇಶನದ ಅರ್ಜಿಯನ್ನೂ ಕೊಡಬಹುದು.